ಅರವತ್ತು ದಾಟಿದ ಮೇಲೆ ಬ್ಯಾಂಕಿನ ಜೊತೆ ಜಗಳಕ್ಕೆ ಬಿದ್ದೆ. ನಿಮ್ಮಲ್ಲಿ ಯಾರಾದರೂ ಬಿದ್ದಿದ್ದೀರಾ?

ಸಾಲಗಾಮೆ ರಸ್ತೆ ಟೀಚರ್, ಹಾಸನ

ಎಲ್ಲರಿಗೂ ನಮಸ್ಕಾರ. ಇಲ್ಲಿ ದಿನಾ ಓದುತ್ತೇನೆ, ಬರೆಯುತ್ತಿರುವುದು ಇದೇ ಮೊದಲು. ಉದ್ದವಾಗುತ್ತೆ, ಕಾಫಿ ಇಟ್ಟುಕೊಂಡು ಕೂತ್ಕೊಳ್ಳಿ.

ನನಗೀಗ 66. ಸರ್ಕಾರಿ ಶಾಲೆಯಲ್ಲಿ ಗಣಿತ ಹೇಳಿಕೊಟ್ಟು 2020ರಲ್ಲಿ ರಿಟೈರ್ ಆದೆ. ಗಣಿತದ ಟೀಚರ್ ಆದರೂ ಬ್ಯಾಂಕಿನ ಮೆಟ್ಟಿಲು ಹತ್ತಿದ್ದು ಕಮ್ಮಿ. ಅದೆಲ್ಲ ನಮ್ಮನೆಯವರೇ ನೋಡಿಕೊಳ್ಳುತ್ತಿದ್ದರು. ಅವರು ಹೋದ ಮೇಲೆ, 2022ರ ಜೂನ್‌ನಲ್ಲಿ, ಒಂದು ಎಫ್‌ಡಿ ಅವಧಿ ಮುಗಿಯಿತು. 3 ಲಕ್ಷ. ಮತ್ತೆ ಇಡಿಸೋಣ ಅಂತ ಪೆನ್ಷನ್ ಬರುವ ಬ್ರಾಂಚಿಗೆ ಹೋದೆ. ಒಬ್ಬ ಹುಡುಗ ಎದ್ದು ಕುರ್ಚಿ ಕೊಟ್ಟ, ನೀರು ತರಿಸಿದ. "ಅಮ್ಮಾ, ಇದೂ ಎಫ್‌ಡಿ ಥರಾನೇ, ಬಡ್ಡಿ ಸ್ವಲ್ಪ ಜಾಸ್ತಿ" ಅಂದ. ಎಲ್ಲಿ ಪೆನ್ಸಿಲ್ ಗುರುತು ಹಾಕಿದ್ದನೋ ಅಲ್ಲೆಲ್ಲ ಸಹಿ ಹಾಕಿದೆ. ಮಕ್ಕಳಿಗೆ "ಪ್ರಶ್ನೆ ಎರಡು ಸಲ ಓದಿ" ಅಂತ ಹೇಳಿ ಹೇಳಿ ಗಂಟಲು ಹರಿದುಕೊಂಡವಳು, ನಾನು ಒಂದು ಸಲವೂ ಓದಲಿಲ್ಲ.

ಮುಂದಿನ ಜೂನ್‌ನಲ್ಲಿ ಮೊಬೈಲಿಗೆ ಮೆಸೇಜ್ ಬಂತು. ಎರಡನೇ ಕಂತು 3 ಲಕ್ಷ ಕಟ್ಟಿ ಅಂತ. ಅದು ಎಫ್‌ಡಿ ಅಲ್ಲ, ಇನ್ಶೂರೆನ್ಸ್ ಪಾಲಿಸಿ. ವರ್ಷಕ್ಕೆ 3 ಲಕ್ಷದಂತೆ ಹತ್ತು ವರ್ಷ ಕಟ್ಟಬೇಕಂತೆ. ನನ್ನ ವರ್ಷದ ಪೆನ್ಷನ್ ಪೂರ್ತಿ ಕೊಟ್ಟರೂ ಅಲ್ಲಿಂದಲ್ಲಿಗೆ. ಊಟಕ್ಕೆ ಏನು ಮಾಡಲಿ?

ನಾಲ್ಕು ಸಲ ಹೋಗಿ ಬಾಯಲ್ಲಿ ಕೇಳಿದೆ. ಆ ಹುಡುಗ ಬೇರೆ ಊರಿಗೆ ವರ್ಗವಾಗಿದ್ದ. ಒಬ್ಬರು "ಮುಂದಿನ ವಾರ ಬನ್ನಿ" ಅಂದರು. ಇನ್ನೊಬ್ಬರು "ಇದು ಬ್ಯಾಂಕಿನದಲ್ಲ, ಕಂಪನಿಯದು" ಅಂದರು. ಕಂಪನಿಗೆ ಫೋನ್ ಮಾಡಿದರೆ "ಒಂದು ಒತ್ತಿ, ಎರಡು ಒತ್ತಿ". ಮ್ಯಾನೇಜರ್ ಯಾವಾಗಲೂ ಮೀಟಿಂಗ್‌ನಲ್ಲಿ. ನಮ್ಮ ಹಾಸನಾಂಬೆ ಬಾಗಿಲು ವರ್ಷಕ್ಕೊಂದು ಸಲವಾದರೂ ತೆಗೆಯುತ್ತೆ, ಆ ಕೋಣೆಯ ಬಾಗಿಲು ಅದೂ ಇಲ್ಲ.

ಐದನೇ ಸಲ ಅರ್ಜಿ ಬರೆದುಕೊಂಡು ಹೋದೆ. ಕನ್ನಡದಲ್ಲೇ, ಒಂದೇ ಪುಟ, ಎರಡು ಪ್ರತಿ. ಒಂದು ಅವರಿಗೆ, ಇನ್ನೊಂದಕ್ಕೆ ಸೀಲ್ ಹಾಕಿ ವಾಪಸ್ ಕೊಡಿ ಅಂದೆ. "ಇಲ್ಲಿ ಸೀಲ್ ಹಾಕಲ್ಲ ಮೇಡಂ" ಅಂದಳು ಕೌಂಟರಿನ ಹುಡುಗಿ. ಸರಿ ಅಂತ ಅಲ್ಲೇ ಕುರ್ಚಿಯಲ್ಲಿ ಕೂತೆ. ಒಂದೊಂದು ಕ್ಲಾಸಿನಲ್ಲಿ ಅರವತ್ತು ಮಕ್ಕಳನ್ನು ಸುಮ್ಮನೆ ಕೂರಿಸಿದವಳಿಗೆ, ನಾನೊಬ್ಬಳು ಸುಮ್ಮನೆ ಕೂರುವುದು ಕಷ್ಟವಾ? ಮೂರೂವರೆಗೆ ಅವಳೇ ಕರೆದಳು. ನೇರಳೆ ಬಣ್ಣದ ದುಂಡು ಸೀಲ್, ಪಕ್ಕದಲ್ಲಿ ಸಹಿ, ತಾರೀಕು. ಅವತ್ತಿನಿಂದ ನನ್ನ ಜೊತೆ ಮಾತಾಡುವ ಅವರ ಧಾಟಿಯೇ ಬದಲಾಯಿತು.

ಮುಂದೇನಾಯಿತು ಅಂತ ಆಮೇಲೆ ಬರೆಯುತ್ತೇನೆ, ಕುಕ್ಕರ್ ಕೂಗುತ್ತಿದೆ. ನಿಮ್ಮದೂ ಹೇಳಿ.

ಸುಮ್ನೆ ಕೇಳ್ದೆ

ಬೇಜಾರು ಮಾಡ್ಕೋಬೇಡಿ ಅಮ್ಮ. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಬೇಕು ಅನ್ನಿಸುತ್ತೆ. ಬಿಪಿ ಏರಿಸಿಕೊಂಡು ಆಸ್ಪತ್ರೆಗೆ ಸುರಿಯೋದೇ 3 ಲಕ್ಷ ಆಗುತ್ತೆ. ದೊಡ್ಡವರ ಜೊತೆ ಗುದ್ದಾಡಿ ಗೆದ್ದವರು ಯಾರು?

ಹೇಮಾವತಿ ದಡ

ಸುಮ್ನೆ ಕೇಳ್ದೆಯವರೇ, ನಾನು ಗೆದ್ದಿದ್ದೇನೆ. ಪೂರ್ತಿ ಅಲ್ಲ, ಮುಕ್ಕಾಲು ಪಾಲು.

ನನಗೆ 71. ಗೊರೂರಿನ ಹೇಮಾವತಿ ಅಣೆಕಟ್ಟೆಯಲ್ಲಿ ನೀರು ನಿಂತಾಗ ನಮ್ಮಪ್ಪನ ಹೊಲ ಹೋಯಿತು. ಅಣೆಕಟ್ಟೆ ಮುಗಿದದ್ದು 1979ರಲ್ಲಿ. ಬದಲಿಗೆ ಕೊಟ್ಟ ಜಮೀನಿನಲ್ಲಿ ಉಳುಮೆ ಮಾಡಿಕೊಂಡೇ ಬಂದಿದ್ದೇವೆ. ಆದರೆ ಪಹಣಿಯಲ್ಲಿ ಅಪ್ಪನ ಹೆಸರು ಕೂತಿದ್ದು ಬಿಟ್ಟರೆ ಪೋಡಿ, ಅಂದರೆ ಅಳತೆ ಮಾಡಿ ನಮ್ಮ ಪಾಲಿಗೆ ಬೇರೆ ನಂಬರ್ ಹಾಕುವುದು, ಆಗಿರಲಿಲ್ಲ. ಅಪ್ಪ ಓಡಾಡಿ ಓಡಾಡಿ ತೀರಿಕೊಂಡರು. ಆಮೇಲೆ ನಾನು. ಕೇಳಿದಾಗಲೆಲ್ಲ ಒಂದೇ ಉತ್ತರ, "ಫೈಲ್ ಸಿಗುತ್ತಿಲ್ಲ".

ನನಗೆ 65 ಆದಾಗ ಮೊಮ್ಮಗಳು ಮಾಹಿತಿ ಹಕ್ಕಿನ ಅರ್ಜಿ ಹಾಕು ತಾತ ಅಂದಳು. 2005ರ ಕಾನೂನು, ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಅಷ್ಟೇ. ಜೋಶಿನಲ್ಲಿ ಹದಿನಾಲ್ಕು ಪ್ರಶ್ನೆ ಬರೆದು ಮೂರು ಪುಟ ಕಳಿಸಿದೆ. ವಾಪಸ್ ಬಂತು! ನಮ್ಮ ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಇದು ಗೊತ್ತಿರಲಿಲ್ಲ. ಎರಡನೇ ಸಲ ಒಂದೇ ಪ್ರಶ್ನೆ ಕೇಳಿದೆ. "ಈ ಸರ್ವೆ ನಂಬರಿನ ಮಂಜೂರಾತಿ ಕಡತದ ಪ್ರತಿ ಕೊಡಿ. ಕಡತ ಇಲ್ಲದಿದ್ದರೆ ಇಲ್ಲ ಎಂದು ಹಿಂಬರಹ ಕೊಡಿ."

ಈ ಎರಡನೇ ವಾಕ್ಯದಲ್ಲೇ ಇರೋದು ನೋಡಿ ಮಜಾ. ಫೈಲ್ ಇಲ್ಲ ಅಂತ ಬಾಯಲ್ಲಿ ಯಾರು ಬೇಕಾದರೂ ಹೇಳುತ್ತಾರೆ. ಬರೆದು ಸಹಿ ಹಾಕಿ ಅಂದರೆ ಯಾರಿಗೂ ಕೈ ಬರಲ್ಲ. ಕಳೆದ ಫೈಲಿಗೆ ಜವಾಬ್ದಾರಿ ಹೊರಬೇಕಾಗುತ್ತಲ್ಲ. 30 ದಿನದೊಳಗೆ ಉತ್ತರ ಕೊಡಬೇಕು. ನನಗೆ ಬರಲಿಲ್ಲ. 30 ದಿನ ದಾಟಿದ ಮೇಲೆ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ ಹಾಕಿದೆ. ಅದಕ್ಕೂ ಜಗ್ಗದಿದ್ದರೆ 90 ದಿನದೊಳಗೆ ಬೆಂಗಳೂರಿನ ಮಾಹಿತಿ ಆಯೋಗಕ್ಕೆ ಹೋಗಬಹುದು. ಅಲ್ಲಿ ತಡ ಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25 ಸಾವಿರದವರೆಗೆ ದಂಡ ಹಾಕುವ ಅಧಿಕಾರ ಇದೆ. ನಾನು ಅಲ್ಲಿವರೆಗೆ ಹೋಗಬೇಕಾಗಲಿಲ್ಲ. ಮೇಲ್ಮನವಿ ಹಾಕಿದ ಮೂರನೇ ವಾರ ರೆಕಾರ್ಡ್ ರೂಮಿನಲ್ಲಿ ಫೈಲ್ ಸಿಕ್ಕಿತು. ನಲವತ್ತು ವರ್ಷ ಎಲ್ಲಿ ಹೋಗಿತ್ತೋ ಆ ದೇವರಿಗೇ ಗೊತ್ತು. ಮೇಲೆ ಜೇಡರಬಲೆ, ಒಳಗೆ ನಮ್ಮಪ್ಪನ ಹೆಬ್ಬೆಟ್ಟು.

ಪೋಡಿ ಆಯ್ತು. ಎಂಟು ಗುಂಟೆ ಇನ್ನೂ ತಕರಾರಿನಲ್ಲಿದೆ, ಅದಕ್ಕೇ ಮುಕ್ಕಾಲು ಅಂದೆ.

ಬೇಲೂರು ಬಸ್

ಹಿಂಬರಹ ಅಂದ್ರೆ ಏನು ಸಾರ್? ನಾವು ಈಗಿನ ಕಾಲದವರು.

ಹೇಮಾವತಿ ದಡ

ನಿಮ್ಮ ಅರ್ಜಿಗೆ ಕಚೇರಿಯವರು ಬರೆದು ಕೊಡುವ ಉತ್ತರ. ಆಯ್ತು ಅಂತಲೋ, ಆಗಲ್ಲ ಯಾಕೆ ಅಂದ್ರೆ ಇಂಥದ್ದು ಅಂತಲೋ. "ಆಗಲ್ಲ" ಅನ್ನುವ ಹಿಂಬರಹವೂ ಚಿನ್ನವೇ. ಮೇಲ್ಮನವಿಗೆ ಅದೇ ಬೇಕು.

ಚಿಕ್ಕಮಗಳೂರು ಕ್ಯಾಷಿಯರ್

ನಾನು ಬ್ಯಾಂಕಿನವನೇ. ಬೈಯ್ಯಬೇಡಿ ಅಂತ ಮೊದಲೇ ಹೇಳಿಬಿಡುತ್ತೇನೆ.

ಟೀಚರ್ ಹೇಳಿದ ಹುಡುಗ ಕೆಟ್ಟವನೇ ಇರಬೇಕಾಗಿಲ್ಲ. ಬೆಳಗ್ಗೆ ಒಂಬತ್ತೂವರೆಗೆ ಮೇಲಿನಿಂದ ಫೋನ್ ಬರುತ್ತೆ, ಇವತ್ತು ಎಷ್ಟು ಪಾಲಿಸಿ ಮಾಡ್ತೀರಿ ಅಂತ. ಸಂಜೆ ಮತ್ತೆ ಬರುತ್ತೆ, ಯಾಕೆ ಆಗಲಿಲ್ಲ ಅಂತ. ಎಫ್‌ಡಿ ಮುಗಿಯುವ ಹಿರಿಯರ ಪಟ್ಟಿ ನಮ್ಮ ಕೈಯಲ್ಲೇ ಇರುತ್ತೆ. ಹಾಗಂತ ಅವನು ಮಾಡಿದ್ದು ಸರಿ ಅಂತ ಅಲ್ಲ. ನಾನೂ ಎರಡು ಸಲ ಮಾಡಿದ್ದೇನೆ, ಈಗಲೂ ಆ ಇಬ್ಬರ ಮುಖ ನೆನಪಿಗೆ ಬರುತ್ತೆ.

ಒಳಗಿನವನಾಗಿ ಒಂದೆರಡು ಮಾತು. ಪಾಲಿಸಿ ಕೊಡುವ ಮುಂಚೆ ಕಂಪನಿಯಿಂದ ಒಂದು ವೆರಿಫಿಕೇಶನ್ ಕಾಲ್ ಬರುತ್ತೆ. "ಎಲ್ಲದಕ್ಕೂ ಯೆಸ್ ಅನ್ನಿ ಅಮ್ಮಾ" ಅಂತ ಪಕ್ಕದಲ್ಲಿ ನಿಂತು ಹೇಳಿಕೊಡುತ್ತಾರೆ. ಜಗಳ ಬಂದಾಗ ಕಂಪನಿ ಹಿಡಿದುಕೊಳ್ಳುವುದು ಅದೇ ರೆಕಾರ್ಡಿಂಗ್. ಅದರ ಪ್ರತಿ ನೀವೂ ಕೇಳಿ. ಯಾವ ಭಾಷೆಯಲ್ಲಿ ಮಾತಾಡಿದರು, ಹಿಂದೆ ಯಾರ ದನಿ ಇದೆ, ಎಲ್ಲ ಅದರಲ್ಲಿ ಗೊತ್ತಾಗುತ್ತೆ. ಇನ್ನೊಂದು, ಪಾಲಿಸಿ ಬೇಡ ಅಂದರೆ ವಾಪಸ್ ಮಾಡಲು ಫ್ರೀ ಲುಕ್ ಅವಧಿ ಇದೆ. ಮುಂಚೆ 15 ದಿನ ಇತ್ತು, 2024ರಿಂದ 30 ದಿನ. ಎಣಿಸುವುದು ದುಡ್ಡು ಕಟ್ಟಿದ ದಿನದಿಂದ ಅಲ್ಲ, ಪಾಲಿಸಿ ನಿಮ್ಮ ಕೈ ಸೇರಿದ ದಿನದಿಂದ.

ಇನ್ಶೂರೆನ್ಸ್ ಬಿಟ್ಟು ಬೇರೆ ಬ್ಯಾಂಕಿನ ತಕರಾರು ಇದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್, ಅಂದರೆ ದೂರು ಕೇಳಿ ತೀರ್ಮಾನ ಕೊಡುವ ಅಧಿಕಾರಿ, ಇದ್ದಾರೆ. 2021ರ ನವೆಂಬರ್‌ನಿಂದ ಇಡೀ ದೇಶಕ್ಕೆ ಒಂದೇ ಯೋಜನೆ. ಮೊದಲು ಬ್ಯಾಂಕಿಗೆ ಬರೆದು ಕೊಡಬೇಕು. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಕಾಣದಿದ್ದರೆ ಅಲ್ಲಿಗೆ. ಫೀಸ್ ಇಲ್ಲ. ಇಂಟರ್ನೆಟ್ ಬರದವರು ಚಂಡೀಗಢದ ಕೇಂದ್ರಕ್ಕೆ ಪೋಸ್ಟ್ ಮಾಡಬಹುದು, ಕನ್ನಡದಲ್ಲಿ ಬರೆದರೂ ತಗೋತಾರೆ. ಕೇಳಿ ತಿಳಿದುಕೊಳ್ಳಲು 14448 ನಂಬರ್ ಇದೆ. ನಿಮ್ಮ ಸೀಲ್ ಇರುವ ಪ್ರತಿ ನಮ್ಮ ಬ್ರಾಂಚಿನಲ್ಲಿ ಯಾಕೆ ಭಯ ಹುಟ್ಟಿಸುತ್ತೆ ಅಂದರೆ, ಆ 30 ದಿನದ ಗಡಿಯಾರ ಓಡೋಕೆ ಶುರುವಾಗೋದೇ ಅದರಿಂದ.

ಸಾಲಗಾಮೆ ರಸ್ತೆ ಟೀಚರ್, ಹಾಸನ

ಚಿಕ್ಕಮಗಳೂರಿನವರೇ, ಬೈಯ್ಯಲ್ಲ ಕಣಪ್ಪ. ನಿಜ ಬರೆದಿದ್ದೀರಿ. ಆ ಹುಡುಗ ಕೊಟ್ಟ ನೀರು ನನಗೂ ನೆನಪಿದೆ, ಅವತ್ತು ಸೆಕೆ ಜಾಸ್ತಿ ಇತ್ತು.

ಸರಿ, ಕಥೆ ಮುಂದುವರಿಸುತ್ತೇನೆ. ಬ್ಯಾಂಕಿನವರು ನನ್ನ ಅರ್ಜಿಯನ್ನು ಕಂಪನಿಗೆ ದಾಟಿಸಿದರು. ಕಂಪನಿಯಿಂದ ಇಂಗ್ಲಿಷಿನಲ್ಲಿ ಎರಡು ಸಾಲು ಬಂತು. ನೀವೇ ಒಪ್ಪಿ ಸಹಿ ಹಾಕಿದ್ದೀರಿ, ಫ್ರೀ ಲುಕ್ ಮುಗಿದಿದೆ, ಏನೂ ಮಾಡಲಾಗುವುದಿಲ್ಲ. ಎರಡು ರಾತ್ರಿ ನಿದ್ದೆ ಬರಲಿಲ್ಲ. ಮೂರನೇ ದಿನ ಮತ್ತೆ ಬರೆದೆ. ಬೇಡಿಕೊಳ್ಳಲಿಲ್ಲ, ಎರಡೇ ಎರಡು ಕೇಳಿದೆ. ನಾನು ಸಹಿ ಹಾಕಿದ ಪ್ರಪೋಸಲ್ ಫಾರಂನ ಪೂರ್ತಿ ಜೆರಾಕ್ಸ್ ಕೊಡಿ. ಪಾಲಿಸಿ ಬಾಂಡ್, ಅಂದರೆ ಪಾಲಿಸಿಯ ಮೂಲ ಪತ್ರ, ಯಾವತ್ತು, ಯಾರ ಕೈಗೆ ಕೊಟ್ಟಿರಿ, ದಾಖಲೆ ಕೊಡಿ. ಯಾಕೆಂದರೆ ಬಾಂಡ್ ಅನ್ನುವುದನ್ನು ನಾನು ಕಣ್ಣಲ್ಲೇ ಕಂಡಿರಲಿಲ್ಲ.

ಫಾರಂ ಬಂತು. ಊಟದ ಮೇಜಿನ ಮೇಲೆ ಹರಡಿಕೊಂಡು, ಪರೀಕ್ಷೆ ಪೇಪರ್ ತಿದ್ದುವ ಹಾಗೆ ಕೆಂಪು ಪೆನ್ನು ಹಿಡಿದು ಕೂತೆ.

ಉದ್ಯೋಗ: ಬಿಸಿನೆಸ್. ನಾನು ರಿಟೈರ್ಡ್ ಟೀಚರ್, ನನ್ನ ಪೆನ್ಷನ್ ಬರೋದೇ ಆ ಬ್ರಾಂಚಿಗೆ! ವರ್ಷದ ಆದಾಯ: 12 ಲಕ್ಷ. ಆ 12ರಲ್ಲಿ 2 ತಿದ್ದಿದ ಹಾಗಿತ್ತು. ಇಮೇಲ್ ಯಾರದ್ದೋ. ಇನ್ನು ಏಳನೇ ಪುಟ. ಹಾಜರಿ ಪುಸ್ತಕದಿಂದ ಪೆನ್ಷನ್ ಪುಸ್ತಕದವರೆಗೆ ನನ್ನದು ಕನ್ನಡದ ಸಹಿ. ಬೇರೆ ಪುಟಗಳಲ್ಲೂ ಕನ್ನಡವೇ ಇದೆ. ಏಳನೇ ಪುಟದಲ್ಲಿ ಮಾತ್ರ ಇಂಗ್ಲಿಷಿನಲ್ಲಿ ನನ್ನ ಹೆಸರು, ಅದರಲ್ಲೂ ಒಂದು ಅಕ್ಷರ ತಪ್ಪು. ಹತ್ತು ವರ್ಷ ಎಷ್ಟೆಷ್ಟು ಕಟ್ಟಬೇಕು ಅನ್ನುವ ಕೋಷ್ಟಕ ಇದ್ದದ್ದು ಅದೇ ಪುಟದಲ್ಲಿ.

ಇಂಗ್ಲಿಷ್ ಫಾರಂಗೆ ಕನ್ನಡದಲ್ಲಿ ಸಹಿ ಹಾಕಿದವರಿಗೆ, ಅದರಲ್ಲಿರುವುದನ್ನು ಅವರ ಭಾಷೆಯಲ್ಲಿ ವಿವರಿಸಿದ್ದೇನೆ ಅಂತ ಇನ್ನೊಬ್ಬರು ಬರೆದು ಸಹಿ ಹಾಕುವ ಒಂದು ಚೌಕ ಫಾರಂನಲ್ಲೇ ಇತ್ತು. ನನ್ನ ಫಾರಂನಲ್ಲಿ ಆ ಚೌಕ ಖಾಲಿ.

ಇದಿಷ್ಟನ್ನೂ ಪುಟದ ನಂಬರ್ ಸಮೇತ ಬರೆದು ಬೆಂಗಳೂರಿನ ಇನ್ಶೂರೆನ್ಸ್ ಒಂಬುಡ್ಸ್‌ಮನ್‌ಗೆ ಕಳಿಸಿದೆ. ಕಂಪನಿ ಆಗಲ್ಲ ಅಂದ ಒಂದು ವರ್ಷದೊಳಗೆ ಹೋಗಬೇಕು. ಅಲ್ಲೂ ಫೀಸ್ ಇಲ್ಲ, ವಕೀಲರು ಬೇಡ. ನೆನಪಿಡಿ, ಅದೇ ವಿಷಯಕ್ಕೆ ಗ್ರಾಹಕ ಆಯೋಗದಲ್ಲೂ ಕೇಸ್ ಹಾಕಿದ್ದರೆ ಇವರು ತಗೊಳ್ಳಲ್ಲ. ಎರಡು ದೋಣಿಯಲ್ಲಿ ಕಾಲಿಡುವ ಹಾಗಿಲ್ಲ.

ವಿಚಾರಣೆ ವಿಡಿಯೋದಲ್ಲಿ ಆಯಿತು. ಮೊಬೈಲನ್ನು ಸಾಂಬಾರು ಪುಡಿ ಡಬ್ಬಿಗೆ ಒರಗಿಸಿ, ರೇಷ್ಮೆ ಸೀರೆ ಉಟ್ಟು ಕೂತೆ. ಯಾಕೆ ರೇಷ್ಮೆ ಅಂತ ಮಗಳು ಇವತ್ತಿಗೂ ಆಡಿಕೊಳ್ಳುತ್ತಾಳೆ. ಪಕ್ಕದ ಮನೆಯವರ ಮಿಕ್ಸಿ ಸರಿಯಾಗಿ ಆ ಹೊತ್ತಿಗೇ ಶುರುವಾಗಬೇಕಾ! ಕಂಪನಿಯ ಕಡೆಯವರು ಇಂಗ್ಲಿಷಿನಲ್ಲಿ ಏನೇನೋ ಹೇಳಿದರು. ನನ್ನ ಸರದಿ ಬಂದಾಗ "ಸ್ವಾಮಿ, ಏಳನೇ ಪುಟ ನೋಡಿ" ಅಂದೆ. ಹತ್ತು ನಿಮಿಷದಲ್ಲಿ ಮುಗಿಯಿತು.

ಪಾಲಿಸಿ ರದ್ದು ಮಾಡಿ 3 ಲಕ್ಷ ವಾಪಸ್ ಕೊಡಿ ಅಂತ ಆದೇಶ ಬಂತು. ಬಡ್ಡಿ ಇಲ್ಲ. ದುಡ್ಡು ಒಂದು ತಿಂಗಳೊಳಗೆ ಖಾತೆಗೆ ಬಿತ್ತು.

ಸುಮ್ನೆ ಕೇಳ್ದೆ

ಬಡ್ಡಿ ಇಲ್ಲ ಅಂದ್ರೆ ಎರಡು ವರ್ಷದ್ದು ಹೋಯ್ತಲ್ಲ? ನಾನು ಹೇಳಿದ್ದು ಇದನ್ನೇ.

ಸಾಲಗಾಮೆ ರಸ್ತೆ ಟೀಚರ್, ಹಾಸನ

ಹೋಯ್ತು. ಲೆಕ್ಕ ನನಗೂ ಬರುತ್ತೆ. ಆ ಆದೇಶ ಕಂಪನಿಯನ್ನು ಕಟ್ಟಿಹಾಕುತ್ತೆ, ನಮ್ಮನ್ನಲ್ಲ. ಬೇಡ ಅಂತ ಬಿಟ್ಟು ಬಡ್ಡಿಗೋಸ್ಕರ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದಿತ್ತು. ಹೋಗಲಿಲ್ಲ. ಸುಸ್ತಾಗಿತ್ತು, ಅಷ್ಟೇ. ಅದನ್ನು ಮುಚ್ಚಿಡಲ್ಲ.

ಬಿಪಿ ವಿಷಯ ಕೇಳಿದಿರಿ. ಬಾಯಲ್ಲಿ ಕೇಳಿಕೊಂಡು ಅಲೆದ ಆ ಒಂದು ತಿಂಗಳು ಏರಿತ್ತು. ಬರೆಯೋಕೆ ಶುರು ಮಾಡಿದ ಮೇಲೆ ಇಳಿಯಿತು. ಡಾಕ್ಟರ್ ಚೀಟಿ ಇದೆ, ಬೇಕಾದರೆ ಸೀಲ್ ಸಮೇತ ತೋರಿಸುತ್ತೇನೆ.

ಅರಸೀಕೆರೆ ತೆಂಗು

ಹ್ಹಹ್ಹ! ಟೀಚರ್ ಕ್ಲಾಸ್ ತಗೊಂಡ್ರು.

ನನ್ನದು ಸಣ್ಣದು. ಮಿಲ್ಲಿನ ಕೆಲಸ ಮಾಡಿದವನು, ಪಿಎಫ್ ಪೆನ್ಷನ್ ತಿಂಗಳಿಗೆ 1000 ಚಿಲ್ಲರೆ. ಕನಿಷ್ಠ 1000 ಅಂತ 2014ರಲ್ಲಿ ಮಾಡಿದ್ದು. ಒಂದು ಸಲ ಅದೂ ನಿಂತುಹೋಯಿತು. ಜೀವಂತ ಪ್ರಮಾಣಪತ್ರ ಕೊಟ್ಟಿಲ್ಲವಂತೆ. ಕೊಡೋಕೆ ಹೋದರೆ ಬೆರಳಚ್ಚು ಹೊಂದುತ್ತಿಲ್ಲ. ಕಾಯಿ ಸುಲಿದು ಸುಲಿದು ಬೆರಳಲ್ಲಿ ಗೆರೆಯೇ ಉಳಿದಿಲ್ಲ. ಎದುರಿಗೆ ನಿಂತು "ಸ್ವಾಮಿ, ನಾನು ಬದುಕಿದ್ದೀನಿ" ಅಂದರೆ "ಮಿಷಿನ್ ಒಪ್ಪುತ್ತಿಲ್ಲ ಅಜ್ಜ" ಅಂತಾರೆ.

ಬೆರಳಿನ ಬದಲು ಮುಖ ತೋರಿಸಿಯೂ ಕೊಡಬಹುದು ಅಂತ ನಮ್ಮೂರ ಪೋಸ್ಟ್‌ಮ್ಯಾನ್ ಹೇಳಿದ. ಅಂಚೆಯವರ ಬ್ಯಾಂಕಿನಿಂದ ಮನೆಗೇ ಬಂದು ಮಾಡಿಕೊಡುತ್ತಾರೆ, ಆಗ 70 ರೂಪಾಯಿ ಇತ್ತು. ಮುಖ ಒಪ್ಪಿತು. ನಿಂತಿದ್ದ ಏಳು ತಿಂಗಳ ಬಾಕಿ ಮಾತ್ರ ತಾನಾಗೇ ಬರಲಿಲ್ಲ. ಮೂರು ಸಲ ಬರೆದ ಮೇಲೆ ಬಂತು. 7000 ಚಿಲ್ಲರೆಗೆ ಇಷ್ಟು ಗುದ್ದಾಟವಾ ಅಂತ ಭಾವಮೈದ ನಕ್ಕ. ಅವನಿಗೇನು, ಅವನದು ದೊಡ್ಡ ಪೆನ್ಷನ್.

ಮೂಡಿಗೆರೆ ಮೆಣಸು

ಎಲ್ಲ ಓದಿ ಖುಷಿಯಾಯಿತು. ಆದರೆ ಎಲ್ಲ ಜಗಳಕ್ಕೂ ಅರ್ಜಿ, ಸೀಲ್ ಸಾಕು ಅಂದುಕೊಂಡರೆ ಕೆಡುತ್ತೀರಿ. ನಾನು ಕೆಟ್ಟವನು, ಅದಕ್ಕೇ ಬರೆಯುತ್ತಿದ್ದೇನೆ.

ನಾಲ್ಕು ಎಕರೆ ಕಾಫಿ, ನೆರಳಿಗೆ ಹಾಕಿದ ಸಿಲ್ವರ್ ಮರಕ್ಕೆ ಮೆಣಸಿನ ಬಳ್ಳಿ. ಬೋರರ್ ಹುಳ ಬಿದ್ದು ಅರೇಬಿಕಾ ಹೋಯಿತು, ಆಮೇಲೆ ಎರಡು ವರ್ಷ ಅಡ್ಡಮಳೆ. ಸಾಲ ಸುಸ್ತಿಯಾಯಿತು. ಸರ್ಫೇಸಿ ಕಾಯ್ದೆ ಅಡಿ 60 ದಿನದ ನೋಟಿಸ್ ಬಂತು. 2002ರ ಕಾಯ್ದೆ, ಕೋರ್ಟಿಗೆ ಹೋಗದೆ ಬ್ಯಾಂಕೇ ಆಸ್ತಿ ವಶಕ್ಕೆ ತಗೊಂಡು ಹರಾಜು ಹಾಕಬಹುದು. ಕೃಷಿ ಜಮೀನನ್ನು ಅದರಿಂದ ಹೊರಗಿಟ್ಟಿದ್ದಾರೆ. ಆದರೆ ಕಾಫಿ ತೋಟ ಕೃಷಿ ಜಮೀನು ಹೌದೋ ಅಲ್ಲವೋ ಅನ್ನುವುದರ ಮೇಲೇ ನಮ್ಮ ಮಲೆನಾಡಿನ ಬೆಳೆಗಾರರು ಇಷ್ಟು ವರ್ಷದಿಂದ ಬಡಿದಾಡುತ್ತಿರುವುದು.

ನಾನೇನು ಮಾಡಿದೆ? ನಾನೇ ಬರೆದುಕೊಂಡೆ, ರಿಜಿಸ್ಟರ್ಡ್ ಪೋಸ್ಟ್ ಮಾಡಿದೆ, ಸ್ವೀಕೃತಿ ಕಾರ್ಡ್ ಇಟ್ಟುಕೊಂಡೆ. ನೋಟಿಸಿಗೆ ಆಕ್ಷೇಪಣೆ ಕೊಟ್ಟರೆ ಬ್ಯಾಂಕ್ 15 ದಿನದೊಳಗೆ ಉತ್ತರ ಕೊಡಬೇಕು, ಕೊಟ್ಟರು, ಆಗಲ್ಲ ಅಂತ. ನಾನು ಮತ್ತೆ ಪತ್ರ ಬರೆದೆ. ಅಷ್ಟರಲ್ಲಿ ಗೇಟಿಗೆ ನೋಟಿಸ್ ಅಂಟಿಸಿಯಾಗಿತ್ತು. ಆಸ್ತಿ ವಶಕ್ಕೆ ತಗೊಂಡ ದಿನದಿಂದ 45 ದಿನದೊಳಗೆ ಸಾಲ ವಸೂಲಿ ನ್ಯಾಯಮಂಡಳಿಗೆ ಹೋಗಬೇಕು, ಅದು ಬೆಂಗಳೂರಿನಲ್ಲಿ. ನಾನು ಪತ್ರ ಬರೆಯುತ್ತಾ ಕೂತು ಅದರಲ್ಲಿ 38 ದಿನ ಕಳೆದೆ. ಕೊನೆಗೆ ಒಬ್ಬರು ಪರಿಚಯದ ವಕೀಲರು ರಾತ್ರಿ ಕೂತು ಅರ್ಜಿ ತಯಾರು ಮಾಡಿದರು. ಹರಾಜಿಗೆ ತಡೆ ಸಿಕ್ಕಿತು, ಆಮೇಲೆ ಒಂದೇ ಕಂತಿನ ಇತ್ಯರ್ಥಕ್ಕೆ ಬಂದೆವು. ಒಂದೂಕಾಲು ಎಕರೆ ಮಾರಬೇಕಾಯಿತು.

ದುಡ್ಡು ವಾಪಸ್ ಕೇಳುವ ಜಗಳ ಬೇರೆ, ಅವರೇ ನಮ್ಮ ಬಾಗಿಲಿಗೆ ಬರುವ ಜಗಳ ಬೇರೆ. ಎರಡನೆಯದಕ್ಕೆ ಮೊದಲ ದಿನವೇ ವಕೀಲರ ಹತ್ತಿರ ಹೋಗಿ. ದುಡ್ಡಿಲ್ಲದಿದ್ದರೆ ಜಿಲ್ಲಾ ಕೋರ್ಟಿನಲ್ಲಿ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ವಕೀಲರನ್ನು ಉಚಿತವಾಗಿ ಕೊಡುತ್ತಾರೆ.

ಹೇಮಾವತಿ ದಡ

ಮೆಣಸಿನವರು ಹೇಳಿದ್ದು ನೂರಕ್ಕೆ ನೂರು. ನನ್ನ ಎಂಟು ಗುಂಟೆಗೂ ಈಗ ವಕೀಲರೇ.

ಅಂದ ಹಾಗೆ 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಿಬಿಟ್ಟರು. ಈಗ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಹೊಟ್ಟೆ ಉರೀತು ನನಗೆ. ನಮ್ಮಪ್ಪನ ಕಾಲದಿಂದ ಇದ್ದದ್ದು.

ಬೇಲೂರು ಬಸ್

ಟೀಚರ್, ನಮ್ಮಜ್ಜಿಗೂ ಸೇಮ್ ಇದೇ ಆಗಿದೆ! ಎಫ್‌ಡಿ ಅಂತ ಹೇಳಿ ಪಾಲಿಸಿ, 2 ಲಕ್ಷ. ಅಜ್ಜಿಗೆ 74. ಬ್ಯಾಂಕಿಗೆ ನಾನೇ ಹೋಗಿ ಗಲಾಟೆ ಮಾಡಲಾ?

ಸಾಲಗಾಮೆ ರಸ್ತೆ ಟೀಚರ್, ಹಾಸನ

ಗಲಾಟೆ ಬೇಡ ಮರಿ. ಗಲಾಟೆ ಮಾಡಿದರೆ ಅವರು ನಿನ್ನ ಬಗ್ಗೆ ಬರೆಯುತ್ತಾರೆ. ನಾವು ಅವರ ಬಗ್ಗೆ ಬರೆಯಬೇಕು.

ಅಜ್ಜಿಯನ್ನೂ ಕರೆದುಕೊಂಡು ಹೋಗು, ಅವರ ಕೈಯಿಂದಲೇ ಕೊಡಿಸು. ಅರ್ಜಿಯಲ್ಲಿ ಇಷ್ಟು ಇದ್ದರೆ ಸಾಕು:

"ದಿನಾಂಕ ಇಂಥದ್ದರಂದು ಎಫ್‌ಡಿ ಇಡಲು ಬಂದಿದ್ದೆ. ನನ್ನ ಹಣದಲ್ಲಿ ಪಾಲಿಸಿ ಮಾಡಲಾಗಿದೆ. ಇದು ಪಾಲಿಸಿ ಎಂದು ನನಗೆ ಯಾರೂ ತಿಳಿಸಿಲ್ಲ. ಪಾಲಿಸಿ ಬಾಂಡ್ ನನ್ನ ಕೈ ಸೇರಿಲ್ಲ. ಪಾಲಿಸಿ ರದ್ದು ಮಾಡಿ ನನ್ನ ಹಣ ವಾಪಸ್ ಕೊಡಿ. ಪ್ರಪೋಸಲ್ ಫಾರಂನ ಪೂರ್ತಿ ಪ್ರತಿ ಮತ್ತು ವೆರಿಫಿಕೇಶನ್ ಕಾಲ್‌ನ ರೆಕಾರ್ಡಿಂಗ್ ಕೊಡಿ. ಆಗದಿದ್ದರೆ ಕಾರಣ ಬರೆದು ತಿಳಿಸಿ."

ಬಾಂಡ್ ಕೈ ಸೇರಿದ್ದರೆ ಆ ಸಾಲು ಬರೆಯಬೇಡ. ಒಂದು ಸುಳ್ಳು ಸಿಕ್ಕಿದರೆ ಉಳಿದ ನಿಜವೂ ಹೋಗುತ್ತೆ. ಅಜ್ಜಿಯ ಕಷ್ಟಸುಖ ಬರೆಯಬೇಡ. ಬೈಗುಳ ಬೇಡವೇ ಬೇಡ. ಎರಡು ಪ್ರತಿ, ಒಂದಕ್ಕೆ ಸೀಲ್.

ಬೇಲೂರು ಬಸ್

ಟೀಚರ್, ಹೋಗಿ ಬಂದ್ವಿ! ಅಜ್ಜಿಯೇ ಕೊಟ್ಟಿದ್ದು. ಮೊದಲು ತಗೊಳ್ಳಲ್ಲ ಅಂದ್ರು. ಅಜ್ಜಿ ಎಲೆ ಅಡಿಕೆ ಚೀಲ ಬಿಚ್ಚಿ ಕುರ್ಚಿಯಲ್ಲಿ ಕೂತಿದ್ದೇ ತಡ, ತಗೊಂಡ್ರು. ಸೀಲ್ ಹಾಕಿದ್ದಾರೆ, ಫೋಟೋ ಹಾಕಿದ್ದೀನಿ ನೋಡಿ.

ಸಾಲಗಾಮೆ ರಸ್ತೆ ಟೀಚರ್, ಹಾಸನ

ನೋಡಿದೆ. ಸೀಲ್ ಇದೆ, ಸಹಿ ಇದೆ. ತಾರೀಕು ಎಲ್ಲಿ?

ಬೇಲೂರು ಬಸ್

ಅಯ್ಯೋ.

ಸಾಲಗಾಮೆ ರಸ್ತೆ ಟೀಚರ್, ಹಾಸನ

ಈಗ ಎರಡು ಗಂಟೆ. ಅಜ್ಜಿಗೆ ಊಟ ಆಗಿದ್ದರೆ ಈಗಲೇ ಹೊರಡಿ. ನಾಳೆ ಎರಡನೇ ಶನಿವಾರ.